ನನ್ನ ಸುಳ್ಳು ಕಾಯ್ದ ಡಾಕ್ಟರು

ನಂಬುವವರು ಮುಂದೆ ಓದಬೇಡಿ. ನಂಬುವವರಿಗೆ ಕತೆ ಹೇಳುವುದರಲ್ಲಿ ನನಗೆ ಎಂದೂ ರುಚಿ ಇಲ್ಲ. ಬಾಗಲಕೋಟೆಗೂ ಇಳಕಲ್ಲಿಗೂ ನಡುವೆ ಬಸ್ಸಿನಲ್ಲಿ ನಿಂತೇ ಆಯುಷ್ಯ ಕಳೆದ ಕಂಡಕ್ಟರ್ ನಾನು. ನನ್ನ ಮಾತು ನಂಬಿ ಕೆಟ್ಟವರೆಲ್ಲ ಸೇರಿ ಸಂಘ ಕಟ್ಟಿದರೆ ಹುನಗುಂದ ಸ್ಟ್ಯಾಂಡಿನಲ್ಲಿ ಜಾಗ ಸಾಲದು. ಒಮ್ಮೆ ಅಲ್ಲಿಯೇ, ಗೇರು ಕೆಟ್ಟಿದೆ, ಅಮೀನಗಡದ ತನಕ ಬಸ್ಸು ಹಿಮ್ಮುಖವಾಗಿಯೇ ಹೋಗುತ್ತದೆ, ಎಲ್ಲರೂ ಹಿಂದಕ್ಕೆ ತಿರುಗಿ ಕೂಡ್ರಿ ಎಂದು ಕೂಗಿದ್ದೆ. ಇಡೀ ಬಸ್ಸು ತಿರುಗಿ ಕೂತಿತು. ಅದರಲ್ಲಿ ಇಬ್ಬರು ಸಾಲಿ ಮಾಸ್ತರರೂ ಇದ್ದರು.

ಅಂಥ ನಾನು ಈಗ ಹೇಳುತ್ತೇನೆ: ನನ್ನ ತಲೆಬುರುಡೆ ತೆರೆದು, ಖರೆ ಮತ್ತು ಸುಳ್ಳು ಬೇರೆ ಬೇರೆಯಾಗುವ ಜಾಗಕ್ಕೆ ರಕ್ತ ಒಯ್ಯುವ ಕೂದಲೆಳೆಯಂಥ ನಾಳಗಳನ್ನು ಕಣ್ಣಾರೆ ಕಂಡು, ಅವುಗಳನ್ನು ಕೆಡಿಸದೆ ಹೊರಗೆ ಬಂದ ಮನುಷ್ಯರೊಬ್ಬರಿದ್ದರು. ನಂಬಬೇಡಿ, ನೋಡೋಣ, ನಿಮ್ಮ ಕೈಲಾಗುತ್ತದೋ.

ಅವರು ಹೋದ ತಿಂಗಳು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಮನೆಯ ಮುಂದಿನ ಬೋರ್ಡಿನಲ್ಲೂ ಹೆಸರನ್ನು ಓದಲು ಬಾರದಷ್ಟು ಸಣ್ಣ ಅಕ್ಷರದಲ್ಲಿ ಬರೆಸಿದ್ದ ಮನುಷ್ಯ ಅವರು.

ಅವರು ಹೋದ ಮೇಲೆ ಒಂದು ಸಂಜೆ ಚಾದಂಗಡಿಯಲ್ಲಿ ಕೂತು ಕತೆ ಹೊಡೆಯುತ್ತಿದ್ದೆ. ನಡುವೆ ತಟ್ಟನೆ ನಿಂತೆ. ಹೇಳುತ್ತಿದ್ದದ್ದು ನಡೆದದ್ದೋ, ನಾನೇ ಹೆಣೆದದ್ದೋ, ಒಂದು ಗಳಿಗೆ ತಿಳಿಯಲಿಲ್ಲ. ಕೇಳುವವರು ಬಾಯಿ ತೆರೆದು ಕಾಯುತ್ತಿದ್ದರು. ಮೊದಲಾಗಿದ್ದರೆ ಬಸ್ಸು ಹತ್ತಿ ವಿದ್ಯಾಗಿರಿಗೆ ಹೋಗಿ ಅವರ ಬಾಗಿಲು ಬಡಿಯುತ್ತಿದ್ದೆ. ಈಗ ಯಾರ ಬಾಗಿಲು ಬಡಿಯಲಿ? ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಇದರಲ್ಲಿ ಒಂದೇ ಒಂದು ಸುಳ್ಳು ಇರುತ್ತದೆ. ಕೊನೆಗೆ ಅದನ್ನು ನಾನೇ ಎತ್ತಿ ತೋರಿಸಬೇಕು. ತೋರಿಸಲು ಬಾರದಿದ್ದರೆ, ನಾನು ಯಾವುದಕ್ಕೆ ಹೆದರಿದ್ದೆನೋ ಅದೇ ಬಂತು ಎಂದು ನೀವು ತಿಳಿಯಬೇಕು.

ಅವರನ್ನು ನಾನು ಮೊದಲು ನೋಡಿದ್ದು ಕೋಳಿ ಅಂಗಡಿಯಲ್ಲಿ. ನವನಗರದಲ್ಲಿ ದಸ್ತಗೀರಸಾಬನ ಅಂಗಡಿ. ದಸ್ತಗೀರ ನನ್ನ ಹಳೆಯ ಓಣಿಯವನು. ಹಳೆ ಬಾಗಲಕೋಟೆಯಲ್ಲಿ ಅವನ ಮನೆ ನಮ್ಮ ಮನೆಗೆ ಬೆನ್ನು ಹಚ್ಚಿ ನಿಂತಿತ್ತು. ಅಣೆಕಟ್ಟಿನ ಹಿನ್ನೀರು ಎರಡನ್ನೂ ಒಟ್ಟಿಗೇ ನುಂಗಿತು. ರಿಟೈರ್ ಆದ ಮೇಲೆ ಬೆಳಗಿನ ಚಾ ನನಗೆ ಅವನ ಅಂಗಡಿಯ ಕಟ್ಟೆಯ ಮೇಲೆ. ಒಂದು ದಿನ ಹಣೆಯ ತುಂಬ ವಿಭೂತಿ ಧರಿಸಿದ ಸಣಕಲು ಮನುಷ್ಯರೊಬ್ಬರು ಬಂದು, ಕುತ್ತಿಗೆಯವರೆಗೆ ಗುಂಡಿ ಹಾಕಿದ ಅಂಗಿಯನ್ನು ಸರಿ ಮಾಡಿಕೊಂಡು, ಕೋಳಿ ರೆಕ್ಕೆಗಳ ಚೀಲ ಇಸಿದುಕೊಂಡು ಹೋದರು.

"ಲೇ ದಸ್ತಗೀರ, ಯಾರ್ಲೇ ಅವ್ರು? ಹಣಿ ಮ್ಯಾಲೆ ವಿಭೂತಿ, ಕೈಯಾಗ ಕೋಳಿ!"

"ಸುಮ್ನ ಕುಂದ್ರೋ ಕಂಡಕ್ಟರಾ. ದೊಡ್ಡ ಡಾಕ್ಟರ್ ಅದಾರ. ತಲಿ ಆಪರೇಶನ್ ಮಾಡ್ತಾರ. ದಿನಾ ಬರ್ತಾರ. ಕಾಲು ಬ್ಯಾಡ, ಎದಿ ಬ್ಯಾಡ, ಬರೇ ರೆಕ್ಕಿ."

"ರೆಕ್ಕಿ ರುಚಿ ಹತ್ತೈತಿ ಅನ್ನು."

"ಯಾಕ ಅಂತ ನಾ ಕೇಳಿಲ್ಲ. ನೀನೂ ಕೇಳಬ್ಯಾಡ."

ಕೇಳಬೇಡ ಎಂದರೆ ನನ್ನ ಕಿವಿಗೆ ಊರಿಗೆಲ್ಲ ಹೇಳು ಎಂದು ಕೇಳಿಸುತ್ತದೆ. ವಿದ್ಯಾಗಿರಿಯ ಶರಣರು ಬೆಳಿಗ್ಗೆ ಲಿಂಗಪೂಜೆ ಮಾಡಿ ಮಧ್ಯಾಹ್ನ ರೆಕ್ಕೆಪೂಜೆ ಮಾಡುತ್ತಾರೆ ಎಂಬ ಸುದ್ದಿಯನ್ನು ನಾನು ಚಾದಂಗಡಿಯಲ್ಲಿ ಬಿತ್ತಿದೆ. ಬೆಳೆ ಬರಲು ತಡವಾಗಲಿಲ್ಲ. ಸುದ್ದಿ ಅವರ ತಾಯಿಯ ಕಿವಿಗೆ ಬಿತ್ತು. ಆ ಮುದುಕಿ ಮೂರು ಹೊತ್ತು ಲಿಂಗಪೂಜೆ ಮಾಡುವವರು. ಈ ಮನೆಯಲ್ಲಿ ನೀರೂ ಮುಟ್ಟುವುದಿಲ್ಲವೆಂದು ಪಡಸಾಲೆಯಲ್ಲಿ ಕೂತುಬಿಟ್ಟರಂತೆ. ಮರುದಿನ ದಸ್ತಗೀರ ಬಂದು, "ಡಾಕ್ಟರು ಕರದಾರ. ಹೋಗು. ಹೊಡಸ್ಕೊಂಡು ಬಾ," ಅಂದ.

ಹೊಡೆತಕ್ಕೆ ತಯಾರಾಗಿಯೇ ಹೋದೆ. ದವಾಖಾನೆಯ ಹಿಂದಿನ ಒಂದು ಕೋಣೆ. ಅಲ್ಲಿ ಅವರ ತಾಯಿಯೂ ಸೆರಗು ಬಿಗಿದುಕೊಂಡು ನಿಂತಿದ್ದರು. ಮೇಜಿನ ಮೇಲೆ ಒಂದು ಮೈಕ್ರೋಸ್ಕೋಪು, ಅದರ ಕೆಳಗೆ ನಮ್ಮ ದಸ್ತಗೀರನ ರೆಕ್ಕೆ. ಡಾಕ್ಟರು ನನಗೆ ಕೈ ಮುಗಿದರು. ಅವರು ಯಾರಿಗೂ ಕೈ ಕುಲುಕುತ್ತಿರಲಿಲ್ಲ, ಬರೀ ಮುಗಿಯುತ್ತಿದ್ದರು. ಬೈಗುಳವಿಲ್ಲ, ಸಿಟ್ಟಿಲ್ಲ. ತಾಯಿಗೆ ಮಾತ್ರ, "ನೋಡವ್ವಾ," ಅಂದರು.

ಮುದುಕಿ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು.

"ಇದೇನೋ ಇದು, ದಾರದಂಗ?"

"ರಕ್ತನಾಳ ಅವ್ವಾ. ಕತ್ತರಿಸಿ ಮತ್ತ ಹೊಲದೇನಿ."

"ಸತ್ತ ಕೋಳೀದು ಯಾಕ ಹೊಲೀತಿ?"

"ಜೀವಂತ ಇದ್ದ ಮನಷ್ಯಾಂದು ನನ್ನ ಕೈಯಾಗ ಹರೀಬಾರ್ದಂತ."

ಮುದುಕಿ ಮಗನನ್ನು ನೋಡಿದರು, ನನ್ನನ್ನು ನೋಡಿದರು. "ತಿನ್ನಾಕ ಒಯ್ದ್ರ ಪಾಪ. ಕಲಿಯಾಕ ಒಯ್ದ್ರ ಕಾಯಕ. ನಡಿ, ನನಗ ಹಸದೈತಿ," ಎಂದು ಹೊರಟೇಬಿಟ್ಟರು.

ನನ್ನ ನಾಲಿಗೆ ಸುಮ್ಮನಿರಬೇಕಲ್ಲ? "ಇಷ್ಟ ದೊಡ್ಡ ಡಾಕ್ಟರಾಗಿ ಇನ್ನೂ ಕಲಿಯೂದೇನ್ರಿ ಸಾಹೇಬ್ರ?" ಎಂದೆ.

"ನೌಕರ್ಯಾಗ ಇದ್ದಾಗ ಒಂದ್ ವಾರ ಬಸ್ ಹತ್ತಲಿಲ್ಲಂದ್ರ ನಿಮ್ಮ ಕಾಲು ತೂರಾಡ್ತಿದ್ವೋ ಇಲ್ಲೋ ಕಾಕಾ? ಕೈನೂ ಹಂಗ." ಎನ್ನುತ್ತ ಒಂದು ಚಿಮಟ ನನ್ನ ಕೈಗೆ ಕೊಟ್ಟರು. ಅದರ ತುದಿಯಲ್ಲಿ ಸೂಜಿ ಇದೆಯಂತೆ, ಸೂಜಿಗೆ ದಾರ ಇದೆಯಂತೆ. ನನಗೆ ಎರಡೂ ಕಾಣಲಿಲ್ಲ. ಕಣ್ಣನ್ನು ಮೈಕ್ರೋಸ್ಕೋಪಿಗೆ ಹಚ್ಚಿದೆ. ಬಿರುಗಾಳಿಗೆ ಸಿಕ್ಕ ಬೇವಿನ ಟೊಂಗೆಯಂಥದ್ದೊಂದು ಅಲ್ಲಿ ಹೊಯ್ದಾಡುತ್ತಿತ್ತು. ಅದು ನನ್ನ ಕೈಯಂತೆ. ಹೊರಗೆ ನೋಡಿದರೆ ಕಲ್ಲಿನ ಹಾಗೆ ನಿಂತಿರುವ ಕೈ!

"ಎಲ್ಲಾರ ಕೈಯೂ ನಡುಗ್ತಾವ," ಅಂದರು ಡಾಕ್ಟರು. "ಸಣ್ಣದು ನೋಡೂತನಕ ಗೊತ್ತಾಗಂಗಿಲ್ಲ, ಅಷ್ಟ."

ಆ ದಿನದಿಂದ ಅವರ ಕೈ ನೋಡುವ ಚಟ ನನಗೆ ಹತ್ತಿತು. ಮಾತಾಡುವಾಗ ಹೆಬ್ಬೆರಳು ತೋರುಬೆರಳು ಕೂಡಿಸಿ ಮೆಲ್ಲಗೆ ಉಜ್ಜುತ್ತಿದ್ದರು, ನೂಲಿನ ನಯ ನೋಡುವವರ ಹಾಗೆ. ಆಪರೇಶನ್ ಇದ್ದ ದಿನ ಬಲಗೈಯಿಂದ ನೀರಿನ ತಂಬಿಗೆಯನ್ನೂ ಎತ್ತುತ್ತಿರಲಿಲ್ಲ. ಕಾರಿನ ಬಾಗಿಲು ಬೇರೆಯವರೇ ತೆಗೆಯಬೇಕು. ಆ ದಿನ ಆ ಕೈಯನ್ನು ಯಾರೂ ಮುಟ್ಟುವಂತಿರಲಿಲ್ಲ. ಹೆಂಡತಿಯೂ ಇಲ್ಲ, ತಾಯಿಯೂ ಇಲ್ಲ. ದವಾಖಾನೆಯ ಜವಾನರು ಅದನ್ನು "ಮಡಿಗೈ" ಎನ್ನುತ್ತಿದ್ದರು. ಆ ಹೆಸರು ಇಟ್ಟವನು ಯಾರೆಂದು ಬೇರೆ ಹೇಳಬೇಕೇ?

ನಕ್ಕಿದ್ದು ಇಷ್ಟೇ. ಮುಂದೆ ನನ್ನದೇ ಸರದಿ ಬಂತು.

ಇಳಕಲ್ಲಿನಲ್ಲಿ ಬೀಗರ ಮನೆ ಊಟ ಮುಗಿಸಿ ನಾನೂ ನನ್ನ ಹೆಂಡತಿ ಗಂಗವ್ವನೂ ಬಸ್ಸಿನಲ್ಲಿ ಮರಳುತ್ತಿದ್ದೆವು. ಕಮತಗಿ ದಾಟಿತ್ತು. ನಾನು ಎದ್ದು ನಿಂತು, ಹೊಸ ಕಂಡಕ್ಟರನಿಗೆ ಬೆರಳು ಹಾಕಿ ಸೀಟಿ ಹೊಡೆಯುವುದು ಹೇಗೆಂದು ತೋರಿಸುತ್ತಿದ್ದೆ. ಬಸ್ಸು ತುಂಬ ನಗು. ಅಷ್ಟರಲ್ಲಿ ಯಾರೋ ಜಾಕಿಯ ರಾಡಿನಿಂದ ತಲೆಯ ಹಿಂಭಾಗಕ್ಕೆ ಬೀಸಿ ಹೊಡೆದಂತಾಯಿತು. ತಲೆನೋವು ಎಂಬ ಮಾತು ಅದಕ್ಕೆ ಸಾಲದು. "ಯವ್ವಾ, ಸತ್ತೆ!" ಎಂದು ತಲೆ ಹಿಡಿದು ಕುಸಿದೆ.

ಬಸ್ಸು ಇನ್ನೂ ಜೋರಾಗಿ ನಕ್ಕಿತು.

"ಇನ್ನೊಮ್ಮಿ ಮಾಡ್ರಿ ಕಾಕಾ, ಇನ್ನೊಮ್ಮಿ!" ಎಂದ ಮುಂದಿನ ಸೀಟಿನವನು.

"ಸಾಕ್ರಿ ನಿಮ್ಮ ನಾಟಕ. ಮಂದಿ ನೋಡಾಕತ್ತಾರ, ಏಳ್ರಿ," ಎಂದು ಗಂಗವ್ವ ರಟ್ಟೆ ಚಿವುಟಿದಳು.

ಸುಳ್ಳುಗಾರನಿಗೆ ದೇವರು ಇಟ್ಟಿರುವ ಶಿಕ್ಷೆ ಯಾವುದು ಗೊತ್ತೇ? ಖರೆ ಬೇನೆ. ನಾನು ಖರೆ ಕೂಗುತ್ತಿದ್ದೆ, ಮಂದಿ ಚಪ್ಪಾಳೆ ತಟ್ಟುತ್ತಿದ್ದರು. ಕೊನೆಗೆ ನನ್ನನ್ನು ಕಾಪಾಡಿದ್ದು ವಾಂತಿ. ಮುಂದಿನ ಸೀಟಿನವನ ಅಂಗಿಯ ಮೇಲೆ ಅದು ಬಿದ್ದಾಗ ನಗು ನಿಂತಿತು. ಡ್ರೈವರು ಸ್ಟ್ಯಾಂಡಿಗೂ ಹೋಗದೆ ಬಸ್ಸನ್ನು ನೇರ ದವಾಖಾನೆಯ ಬಾಗಿಲಿಗೆ ಒಯ್ದು ನಿಲ್ಲಿಸಿದ.

ಸ್ಕ್ಯಾನು, ನಾಳಕ್ಕೆ ಔಷಧ ಬಿಟ್ಟು ತೆಗೆದ ಫೋಟೋ, ಎಲ್ಲ ಆಯಿತು. ಬೆಳಿಗ್ಗೆ ಡಾಕ್ಟರು ಬಂದು ಮಂಚದ ಕಾಲ ಬಳಿ ನಿಂತರು. "ಅಯ್ಯ, ನಮ್ಮ ರೆಕ್ಕಿ ಕಾಕಾ!" ಅಂದರು. ಆಮೇಲೆ ನಗಲಿಲ್ಲ.

"ತಲಿಯೊಳಗ ಮುಂಭಾಗದಾಗ, ಎಡಕ್ಕೊಂದು ಬಲಕ್ಕೊಂದು ನಾಳ ಹೊಂಟಿರ್ತಾವ. ಅವೆರಡಕ್ಕೂ ನಡುವ ಒಂದು ಸಣ್ಣ ಸೇತುವೆಯಂಥ ನಾಳ ಐತಿ. ಅಲ್ಲಿ ಒಂದು ಗುಳ್ಳಿ ಎದ್ದೈತಿ. ಅದು ಒಡದು, ಈಗ ತಾನಾಗೇ ಹೆಪ್ಪುಗಟ್ಟಿ ನಿಂತೈತಿ."

"ಆಪರೇಶನ್ ಮಾಡದಿದ್ರ ಏನಾಗ್ತೈತ್ರಿ?" ಎಂದಳು ಗಂಗವ್ವ.

"ಮತ್ತ ಒಡೀತೈತಿ ಅವ್ವಾರ. ಎರಡನೇ ಸಲ ಒಡದ್ರ ಉಳಿಯೂದು ಕಷ್ಟ. ಗುಳ್ಳಿ ಕುತ್ತಿಗಿಗೆ ಒಂದು ಕ್ಲಿಪ್ ಹಾಕ್ತೇನಿ, ನೀವು ಕೂದಲಕ್ಕ ಹಾಕ್ತೀರಲ್ಲ ಹಂಥಾದ್ದು, ಅದಕ್ಕಿಂತ ಭಾಳ ಸಣ್ಣದು. ಹಾಕೂದು ತ್ರಾಸಿಲ್ಲ. ತ್ರಾಸು ಇರೂದು ಅದರ ಹಿಂದ."

"ಹಿಂದ ಏನೈತ್ರಿ?"

ಅವರು ಹೆಬ್ಬೆರಳು ತೋರುಬೆರಳು ಉಜ್ಜತೊಡಗಿದರು. "ನೀವೂ ಹಳೆ ಊರಿನವರು, ನಾನೂ ಹಳೆ ಊರಿನವ. ಹಿನ್ನೀರು ಏರಿದಾಗ ನೋಡೀರಿಲ್ಲೋ? ದೊಡ್ಡ ರಸ್ತಾ ಮುಳುಗಿದ್ರ ಮಂದಿ ಸುತ್ತ ಹಾಕ್ಕೊಂಡು ಬ್ಯಾರೆ ರಸ್ತಾದಿಂದ ಬರ್ತಿದ್ರು. ತಲ್ಯಾಗೂ ಹಂಗ. ದೊಡ್ಡ ನಾಳ ಒಂದಕ್ಕೊಂದು ಕೂಡಿ ಚಕ್ರದಂಗ ಅದಾವ. ಒಂದು ನಿಂತ್ರ ಇನ್ನೊಂದು ದುಡೀಬಹುದು. ಆದ್ರ ಆ ಸೇತುವೆ ಹಿಂದ ಕೂದಲಿನಂಗ ಸಣ್ಣ ಸಣ್ಣ ನಾಳ ಹೊಂಟಿರ್ತಾವ. ಅವು ಕಡೀ ಮನಿ ಓಣಿ ಇದ್ದಂಗ. ಓಣಿ ಮುಳುಗಿತು ಅಂದ್ರ ಆ ಮನಿಗೆ ಬ್ಯಾರೆ ದಾರಿ ಇಲ್ಲ. ದೊಡ್ಡ ನಾಳ ಎಲ್ಲಾರಿಗೂ ಕಾಣ್ತಾವ ಕಾಕಾ. ಮನಷ್ಯಾನ್ನ ಕೆಡಸೂದು ಈ ಸಣ್ಣವು."

"ಆ ಕಡೀ ಮನ್ಯಾಗ ಯಾರಿರ್ತಾರ್ರಿ?" ಎಂದೆ. ಚೇಷ್ಟೆಗೆ ಕೇಳಿದ್ದೆ; ಧ್ವನಿ ಮಾತ್ರ ನನ್ನದಲ್ಲ.

"ನೆನಪು ಇರ್ತೈತಿ. ನಡದದ್ದು ಯಾವುದು, ಮನಸ್ಸು ತಾನ ಕಟ್ಟಿದ್ದು ಯಾವುದು, ಅದನ್ನ ಬ್ಯಾರೆ ಮಾಡೂ ಶಕ್ತಿ ಇರ್ತೈತಿ. ಆ ನಾಳ ಕೆಟ್ರ ಮನಷ್ಯಾ ಎಚ್ಚರ ಇರ್ತಾನ, ಮಾತಾಡ್ತಾನ. ಸುಳ್ಳ ಹೇಳ್ತಾನ. ಆದ್ರ ಸುಳ್ಳಂತ ಅವಂಗ ಗೊತ್ತಿರಂಗಿಲ್ಲ."

"ಹಂಗಾರ ಆ ನಾಳ ಇವ್ರಿಗೆ ಹುಟ್ಟಿದಾಗಿಂದನೂ ಇಲ್ರಿ," ಎಂದಳು ಗಂಗವ್ವ. ಹೇಳಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ನನಗೆ ಸಾಯುವ ಹೆದರಿಕೆ ಇರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಆದರೆ ಈ ಹೆದರಿಕೆ ಬೇರೆ ಜಾತಿಯದು. ಸುಳ್ಳು ಹೇಳುವವನಿಗೆ ತನ್ನ ಸುಳ್ಳು ಗೊತ್ತಿರಬೇಕು. ಅದರಲ್ಲಿಯೇ ಅದರ ಮಜಾ. ಬಸ್ಸಿನವರೆಲ್ಲ ಹಿಂದಕ್ಕೆ ತಿರುಗಿ ಕೂತರೆ ನಗು ಬರುತ್ತದೆ. ಕಂಡಕ್ಟರನೂ ತಿರುಗಿ ಕೂತುಬಿಟ್ಟರೆ?

"ನಿಮಗ ಹೆದರಿಕಿ ಆಗಂಗಿಲ್ಲೇನ್ರಿ ಸಾಹೇಬ್ರ?" ಎಂದು ಕೇಳಿದೆ.

"ಆಗ್ತೈತಿ. ಪ್ರತಿ ತಲಿಗೂ ಆಗ್ತೈತಿ. ಪುಸ್ತಕದಾಗಿನ ತಲಿ ಒಂದ ನಮೂನಿ, ಮಂದಿ ತಲಿ ಒಬ್ಬೊಬ್ಬರದೊಂದು ನಮೂನಿ. ಯಾರ ಸಣ್ಣ ನಾಳ ಎಲ್ಲಿ ಹೊಂಟೈತಿ, ತಗದ ನೋಡ್ಬೇಕು. ಹೆದರಿಕಿ ಆಗಲಿಲ್ಲಂದ್ರ ಅವತ್ತು ನಾ ಒಳಗ ಹೋಗಂಗಿಲ್ಲ."

ಏನೂ ಆಗುವುದಿಲ್ಲ ಎನ್ನಬಹುದಿತ್ತು ಅವರು. ಆ ಹೊತ್ತು ನನಗೆ ಒಂದು ಸುಳ್ಳು ಬೇಕಾಗಿತ್ತು. ಊರಿಗೆಲ್ಲ ಹಂಚಿದವನಿಗೆ ಒಂದೂ ಸಿಗಲಿಲ್ಲ.

ಆಪರೇಶನ್ನಿನ ಬೆಳಿಗ್ಗೆ ನನ್ನನ್ನು ಟ್ರಾಲಿಯ ಮೇಲೆ ತಳ್ಳಿಕೊಂಡು ಹೋದರು. ತಲೆ ಬೋಳಾಗಿತ್ತು. ಥಿಯೇಟರಿನ ಬಾಗಿಲಲ್ಲಿ ಡಾಕ್ಟರು ಹಸಿರು ಟೋಪಿ ಹಾಕಿ ನಿಂತಿದ್ದರು. ಇಡೀ ವರಾಂಡ ನನ್ನನ್ನೇ ನೋಡುತ್ತಿತ್ತು. ಕಂಡಕ್ಟರನ ಮರ್ಯಾದೆ ಹೋಗಬಾರದಲ್ಲ? ಮಲಗಿದಲ್ಲಿಂದಲೇ ಎರಡು ಬೆರಳು ಬಾಯಿಗಿಟ್ಟು ಒಂದು ಸೀಟಿ ಹೊಡೆದೆ ನೋಡಿ, ದವಾಖಾನೆಯ ಕಿಟಕಿಗಳು ಜುಮ್ಮೆಂದವು. "ರೈಟ್! ಹೋಗ್ಲಿ ಮುಂದ!" ಎಂದೆ. ಸಿಸ್ಟರುಗಳು ಬಿದ್ದು ಬಿದ್ದು ನಕ್ಕರು. ಬಾಗಿಲು ಮುಚ್ಚಿತು.

ಒಳಗೆ ಆದದ್ದನ್ನು ಅವರು ಬಹಳ ದಿನಗಳ ಮೇಲೆ ಹೇಳಿದರು. ಗುಳ್ಳೆಯ ಬೆನ್ನಿಗೆ ಒಂದು ಕೂದಲೆಳೆಯ ನಾಳ ಅಂಟಿಕೊಂಡಿತ್ತು. ಕ್ಲಿಪ್ ಹಾಕಿ, ಸುತ್ತ ತಿರುಗಿಸಿ ನೋಡಿದಾಗ ಅದು ಕ್ಲಿಪ್ಪಿನ ಬಾಯಲ್ಲಿ ಸಿಕ್ಕಿತ್ತು. ತೆಗೆದರು, ಅದನ್ನು ಮೆಲ್ಲಗೆ ಬಿಡಿಸಿದರು, ಮತ್ತೆ ಹಾಕಿದರು. "ಎಷ್ಟೊತ್ತು ಸಿಕ್ಕಿತ್ತು?" ಎಂದು ನಾನು ಕೇಳಿದ್ದಕ್ಕೆ, "ನನಗ ಒಂದು ವರ್ಷ ಅನಸಿತು," ಅಂದರು.

ಎಚ್ಚರವಾಯಿತು. ಕೈ ಕಾಲು ಆಡಿದವು, ಗಂಗವ್ವನ ಗುರುತು ಸಿಕ್ಕಿತು, ಗಂಜಿ ಕುಡಿದೆ. ಎಲ್ಲರೂ ಗೆದ್ದೆವೆಂದುಕೊಂಡರು. ಒಂದು ದಿನ ಡಾಕ್ಟರು ಬಂದು, "ಕಾಕಾ, ಬಾಗಲಕೋಟಿಯಿಂದ ಇಳಕಲ್ಲಿಗೆ ಬಸ್ ಬಿಟ್ಟೈತಿ. ಸ್ಟಾಪ್ ಹೇಳ್ರಿ ನೋಡೂಣು," ಅಂದರು. ಜೀವನವಿಡೀ ಕೂಗಿದ್ದು. ನಿದ್ದೆಯಲ್ಲೂ ಹೇಳಿಯೇನು.

"ಬಾಗಲಕೋಟಿ, ಶಿರೂರ, ಕಮತಗಿ, ಚೊಳಚಗುಡ್ಡ, ಅಮೀನಗಡ, ಹುನಗುಂದ, ಇಳಕಲ್."

ವಾರ್ಡೆಲ್ಲ ನಕ್ಕಿತು. ಚೊಳಚಗುಡ್ಡ ಇರುವುದು ಬಾದಾಮಿಯ ಕಡೆ, ಬನಶಂಕರಿ ಗುಡಿಯ ಪಕ್ಕ. ಇಳಕಲ್ಲಿನ ಬಸ್ಸಿಗೂ ಅದಕ್ಕೂ ಸಂಬಂಧವೇ ಇಲ್ಲ. ಗಂಗವ್ವನ ಮುಖ ಅರಳಿತು. "ನೋಡ್ರಿ, ಚಾಲೂ ಆತು ಇವ್ರ ಚೇಷ್ಟಿ!"

ಡಾಕ್ಟರು ನಗಲಿಲ್ಲ. "ಕಾಕಾ, ಅಲ್ಲಿ ಯಾರು ಹತ್ತಿದ್ರು?"

"ನಮ್ಮಣ್ಣ. ಎಲಿ ಪೆಂಡಿ ತಲಿ ಮ್ಯಾಲ ಇಟ್ಕೊಂಡಿದ್ದ. ನೀರು ಸೋರತಿತ್ತು. ಇಲ್ಲೇ ಕುಂತಾನ ನೋಡ್ರಿ, ಸ್ಟೂಲ್ ಮ್ಯಾಲೆ."

ನಮ್ಮಣ್ಣನಿಗೆ ಚೊಳಚಗುಡ್ಡದಲ್ಲಿ ವೀಳ್ಯದೆಲೆಯ ತೋಟವಿತ್ತು. ಅವನು ತೀರಿಕೊಂಡು ಯಾವ ಕಾಲವಾಯಿತೋ. ಮಣ್ಣು ಕೊಟ್ಟವನೇ ನಾನು.

ವಾರ್ಡಿನ ನಗು ನಿಲ್ಲಲಿಲ್ಲ. ಡಾಕ್ಟರು ನನ್ನ ಮುಖದ ಹತ್ತಿರ ಬಗ್ಗಿದರು. "ಇದು ಚೇಷ್ಟಿನೋ, ಖರೆನೋ, ಹೇಳ್ರಿ."

ನಾನು ಸ್ಟೂಲಿನ ಕಡೆ ನೋಡಿದೆ. ಅಣ್ಣ ಸತ್ತದ್ದೂ ನನಗೆ ಗೊತ್ತಿತ್ತು, ಅಣ್ಣ ಸ್ಟೂಲಿನ ಮೇಲೆ ಕೂತದ್ದೂ ಕಾಣುತ್ತಿತ್ತು. ಎರಡೂ ಪಕ್ಕಪಕ್ಕದಲ್ಲಿ ಕೂತಿದ್ದವು, ಒಂದೇ ಸೀಟಿನ ಇಬ್ಬರು ಪ್ಯಾಸೆಂಜರರ ಹಾಗೆ. ಇಬ್ಬರಲ್ಲಿ ಟಿಕೆಟ್ ತೆಗೆಯದವನು ಯಾರೆಂದು ಕಂಡಕ್ಟರನಿಗೇ ಗೊತ್ತಾಗುತ್ತಿರಲಿಲ್ಲ. ಡಾಕ್ಟರ ಮುಖದ ಬಣ್ಣ ಹೋದದ್ದನ್ನು ಮಾತ್ರ ಸ್ಪಷ್ಟವಾಗಿ ಕಂಡೆ.

"ನಗಬ್ಯಾಡ್ರಿ ಅವ್ವಾರ," ಎಂದರು ಗಂಗವ್ವನಿಗೆ. "ಅವ್ರು ಚೇಷ್ಟಿ ಮಾಡಾಕತ್ತಿಲ್ಲ."

ಅವಳ ನಗು ಅರ್ಧದಲ್ಲೇ ಕತ್ತರಿಸಿ ಬಿತ್ತು. ಲಗ್ನವಾದಂದಿನಿಂದ ನನ್ನ ಸುಳ್ಳಿಗೆ ಬೈದವಳು, ನಕ್ಕವಳು, ಒಮ್ಮೊಮ್ಮೆ ಉಪವಾಸ ಕೂತವಳು; ಆ ದಿನ ಮೊದಲ ಸಲ ನನ್ನನ್ನು ನೋಡಿ ಹೆದರಿದಳು. ಅವಳ ಕಣ್ಣಿನಲ್ಲಿ ನಾನು ಅಪರಿಚಿತನಾಗಿದ್ದೆ.

ಮತ್ತೆ ಸ್ಕ್ಯಾನ್ ಮಾಡಿಸಿದರು. ತಲೆಯಲ್ಲಿ ಚೆಲ್ಲಿದ್ದ ರಕ್ತಕ್ಕೆ ನಾಳಗಳು ಮುದುಡಿಕೊಂಡಿವೆ, ಅದರಿಂದಲೂ ಹೀಗಾಗುತ್ತದೆ, ನಾಳ ಸಡಿಲಾದರೆ ಸುಧಾರಿಸಬಹುದು ಎಂದರು. "ಬಹುದು" ಎಂಬ ಮಾತನ್ನು ನುಂಗಲಿಲ್ಲ, ಜೋರಾಗಿಯೇ ಹೇಳಿದರು. ಔಷಧ ಹಾಕಿದರು, ಸಲೈನ್ ಏರಿಸಿದರು. ಆದರೆ ತಮ್ಮ ಕ್ಲಿಪ್ಪಿನ ಬಾಯಲ್ಲಿ ಸಿಕ್ಕಿದ್ದ ಆ ಕೂದಲೆಳೆ ಅವರನ್ನು ಬಿಟ್ಟಿರಲಿಲ್ಲ. ದಸ್ತಗೀರ ಆಮೇಲೆ ಹೇಳಿದ: "ಆ ವಾರ ಡಾಕ್ಟರು ರೆಕ್ಕಿ ಒಯ್ಯಾಕ ಬರ್ಲಿಲ್ಲೋ. ಒಂದಿನ ಬಂದು ಸುಮ್ನ ಕಟ್ಟಿ ಮ್ಯಾಲೆ ಕುಂತು, ನೀ ಕುಂದ್ರೋ ಜಾಗಾದಾಗ, ಎದ್ದು ಹೋದ್ರು."

ದಿನವೂ ಬರುತ್ತಿದ್ದರು, ಒಂದು ಆಟ ಆಡಿಸುತ್ತಿದ್ದರು. "ಕಾಕಾ, ನನಗೊಂದು ಕತಿ ಹೇಳ್ರಿ. ಅದರಾಗ ಒಂದ ಸುಳ್ಳ ಇರ್ಬೇಕು. ಕಡೀಕೆ ಅದು ಯಾವುದಂತ ನೀವ ತೋರಿಸ್ಬೇಕು."

ಹೇಳುತ್ತಿದ್ದೆ. ಕತೆ ಸರಾಗ ಬರುತ್ತಿತ್ತು. ಕೊನೆಗೆ "ಯಾವುದು ಕಾಕಾ?" ಎಂದಾಗ ಕತ್ತಲೆ. ಒಂದು ದಿನ, ಹಳೆ ಊರಿನ ನಮ್ಮ ಮನೆ ಮುಳುಗಿದ್ದೇ ಸುಳ್ಳು ಎಂದೆ. ಬೇಕಾದರೆ ನಡೆಯಿರಿ, ಬಾಗಿಲಿಗೆ ಹಚ್ಚಿದ ಅರಿಸಿನ ಇನ್ನೂ ಹಸಿ ಇದೆ, ತೋರಿಸುತ್ತೇನೆ ಎಂದೆ. ಗಂಗವ್ವ ಎದ್ದು ಹೊರಗೆ ಹೋದಳು. ಡಾಕ್ಟರು ಹೋಗಲಿಲ್ಲ. "ಇರ್ಲಿ. ನಾಳೆ ಮತ್ತೊಂದು ಹೇಳ್ರಿ," ಅಂದರು. ಅವರ ಬೆರಳುಗಳು ಮಾತ್ರ ಉಜ್ಜುವುದನ್ನು ನಿಲ್ಲಿಸಿದ್ದವು.

ನಾಳೆ ಎಂಬುದು ಎಷ್ಟು ಸಲ ಬಂತೋ. ಅಣ್ಣ ಸ್ಟೂಲಿನಿಂದ ಎದ್ದು ಬಾಗಿಲಿಗೆ ಹೋದ, ಬಾಗಿಲಿನಿಂದ ಎಲ್ಲಿಗೋ. ಒಂದು ಬೆಳಿಗ್ಗೆ ನಾನು ಡಾಕ್ಟರಿಗೆ ದಸ್ತಗೀರನ ಅಂಗಡಿಯ ಕತೆ ಹೇಳಿದೆ. "ಒಬ್ರು ಡಾಕ್ಟರು ಇದ್ರು. ಹಣಿ ತುಂಬ ವಿಭೂತಿ. ದಿನಾ ಕೋಳಿ ರೆಕ್ಕಿ ಒಯ್ತಿದ್ರು. ಅದನ್ನ ಹೊಲ್ದು, ಆಮ್ಯಾಲೆ ಖಾರಾ ಹಚ್ಚಿ ತಿಂತಿದ್ರು."

"ಯಾವುದು ಕಾಕಾ?"

ನಾನು ಅವರನ್ನು ನೋಡಿದೆ. ಹೊಟ್ಟೆಯೊಳಗೆ ಎಲ್ಲೋ ಆ ಹಳೆಯ ಕಚಗುಳಿ ಎದ್ದಿತು, ಮೀಸೆಯ ಕೆಳಗಿನ ತನಕ ಬಂತು. "ತಿಂತಿದ್ರು ಅನ್ನೂದು ಸುಳ್ಳ್ರಿ. ನಾನ ಹಬ್ಬಿಸಿದ್ದು."

ವಾರ್ಡಿನಲ್ಲಿ ಎಂದೂ ಕೂರದ ಮನುಷ್ಯ ಆ ಸ್ಟೂಲಿನ ಮೇಲೆ, ನಮ್ಮಣ್ಣನ ಜಾಗದಲ್ಲಿ, ಕುಸಿದು ಕೂತರು. ಕನ್ನಡಕ ತೆಗೆದರು. ಒರೆಸಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದರು. ಆಮೇಲೆ, "ಹಲ್ಕಟ್ ಮುದುಕಾ," ಅಂದರು. ಅಷ್ಟು ಸಭ್ಯರ ಬಾಯಿಂದ ಆ ಬೈಗುಳ ಕೇಳಿದ ಮನುಷ್ಯ ನಾನೊಬ್ಬನೇ. ಪದಕ ಕೊಟ್ಟಷ್ಟು ಹೆಮ್ಮೆ ಇದೆ.

ಆ ಆಟ ಮುಂದೆಯೂ ನಿಲ್ಲಲಿಲ್ಲ. ತಪಾಸಣೆಗೆ ಹೋದಾಗೆಲ್ಲ ಕತೆ, ಕೊನೆಗೆ "ಯಾವುದು ಕಾಕಾ?" ಅವರು ರಿಟೈರ್ ಆದ ಮೇಲೂ ವಿದ್ಯಾಗಿರಿಯ ಮನೆಯ ವರಾಂಡದಲ್ಲಿ ಅದೇ. ಒಮ್ಮೊಮ್ಮೆ ನನಗಿಂತ ಮೊದಲೇ ಹಿಡಿಯುತ್ತಿದ್ದರು.

ಒಮ್ಮೆ ಕಾಲೇಜಿನ ಶರೀರರಚನೆ ಕಲಿಸುವ ಕೋಣೆಗೆ ಕರೆದುಕೊಂಡು ಹೋದರು. ದಾನವಾಗಿ ಬಂದ ಒಂದು ಮಿದುಳು. ಅದರ ನಾಳಗಳಿಗೆ ಕೆಂಪು ಬಣ್ಣ ತುಂಬಿದ್ದರು. ರಜಾದಿನಗಳಲ್ಲಿ ಅವರು ಅಲ್ಲಿಯೇ ಕೂತು, ಒಂದೊಂದು ಸಣ್ಣ ನಾಳವನ್ನೂ ಹುಟ್ಟಿದಲ್ಲಿಂದ ಮುಗಿಯುವಲ್ಲಿಯವರೆಗೆ ಬಿಡಿಸಿ ನೋಡುತ್ತಿದ್ದರಂತೆ. "ಇದ ನೋಡ್ರಿ, ನಿಮ್ಮ ಸೇತುವೆ," ಎಂದು ತೋರಿಸಿದರು. ಅದರ ಹಿಂದೆ ಕೆಂಪು ಕೂದಲೆಳೆಗಳು. ನನ್ನ ಅಣ್ಣ, ನನ್ನ ಮುಳುಗಿದ ಮನೆ, ಗಂಗವ್ವ, ಹಿಂದಕ್ಕೆ ತಿರುಗಿ ಕೂತ ಮಾಸ್ತರರು, ಎಲ್ಲರೂ ಇಂಥದ್ದೊಂದು ಎಳೆಗೆ ಜೋತು ಬಿದ್ದಿದ್ದರು.

"ಯಾರ್ರಿ ಇವ್ರು?" ಎಂದೆ.

"ನಮ್ಮ ಗುರುಗಳು," ಎಂದು ಆ ಮಿದುಳಿಗೆ ಕೈ ಮುಗಿದರು. ಪಕ್ಕದಲ್ಲಿ ನಿಂತಿದ್ದ ಹುಡುಗ ಡಾಕ್ಟರೊಬ್ಬ, ಈಗ ತಲೆ ತೆರೆಯದೆ ತೊಡೆಯ ನಾಳದಿಂದಲೇ ತಂತಿ ಏರಿಸಿ ಗುಳ್ಳೆ ಮುಚ್ಚುವ ಕಾಲ ಬಂದಿದೆ, ಇಷ್ಟು ನೋಡಬೇಕೇ ಸರ್ ಎಂದ. "ದಾರಿ ಯಾವುದರ ಹಿಡೀರಿ ತಮ್ಮಾ. ಓಣಿ ಎಲ್ಲಿ ಐತಿ ಅನ್ನೂದು ಗೊತ್ತಿರ್ಬೇಕು," ಅಂದರು.

ಅವರು ಹೋದ ಸುದ್ದಿ ಬಂದ ದಿನ ನಾನೂ ದಸ್ತಗೀರನೂ ಹೂವಿನ ಹಾರ ಹಿಡಿದು ವಿದ್ಯಾಗಿರಿಗೆ ಹೋದೆವು. ಮಣ್ಣು ಕೊಟ್ಟು ಬರೋಣವೆಂದು. ಮಣ್ಣೇ ಇರಲಿಲ್ಲ. ದೇಹವನ್ನು ಕಾಲೇಜಿಗೆ ಕೊಟ್ಟಾಗಿತ್ತು, ಅವರೇ ಹಾಗೆ ಹೇಳಿ ಇಟ್ಟಿದ್ದರಂತೆ. ಇಬ್ಬರೂ ಹಾರ ಹಿಡಿದು ರಸ್ತೆಯಲ್ಲಿ ನಿಂತೆವು.

"ಏನ್ ಮಾಡೂದ್ಲೇ ಇದನ್ನ?" ಎಂದೆ.

"ನಮ್ಮ ಅಂಗಡಿ ಬಾಗಲಕ್ಕ ಹಾಕೂಣು ನಡಿ. ದಿನಾ ಅಲ್ಲೇ ಬರ್ತಿದ್ರಲ್ಲ," ಎಂದ ದಸ್ತಗೀರ.

ಹಾಕಿದೆವು. ಈಗ ಆ ಕೋಣೆಯಲ್ಲಿ ಯಾರೋ ಅವರ ನಾಳಗಳಿಗೆ ಕೆಂಪು ಬಣ್ಣ ತುಂಬುತ್ತಿರಬಹುದು. ಕೈ ಮುಗಿದಿರುತ್ತಾರೆ ಎಂದುಕೊಂಡಿದ್ದೇನೆ.

ಇರಲಿ. ಬರೆಯುವುದು ಮುಗಿಯಿತು. ಯಾವುದು ಕಾಕಾ?

ಪೆನ್ನು ಕೆಳಗಿಟ್ಟು ಕೂತೆ. ಮೊದಲಿನಿಂದ ಓದಿದೆ. ಒಂದು ಗಳಿಗೆ ಏನೂ ಹೊಳೆಯಲಿಲ್ಲ. ತಿರುಗಿ ಕೂತ ಮಾಸ್ತರರು ಖರೆ. ಮುದುಕಿ ಖರೆ. ಅಣ್ಣ ಬರಲಿಲ್ಲ, ಅದು ಗೊತ್ತಿದೆ. ಕಂಡಿದ್ದು ಮಾತ್ರ ಖರೆ. ಹಾರ ಖರೆ. ಆಮೇಲೆ ಸಿಕ್ಕಿತು. ಸಿಕ್ಕಿತು ನೋಡಿ, ಇನ್ನೂ ಸಿಗುತ್ತದೆ!

ಸೀಟಿ. ಥಿಯೇಟರಿನ ಬಾಗಿಲಲ್ಲಿ ನಾನು ಸೀಟಿ ಹೊಡೆಯಲಿಲ್ಲ. ತುಟಿ ಕೂಡಿ ಬರಲೇ ಇಲ್ಲ. "ರೈಟ್" ಎನ್ನಲೂ ಇಲ್ಲ, ಯಾರೂ ನಗಲೂ ಇಲ್ಲ. ನಾನು ಮಾಡಿದ್ದು ಇಷ್ಟು: ಕೈ ಚಾಚಿ, ಯಾರೂ ಮುಟ್ಟಬಾರದ ಆ ಬಲಗೈಯ ತೋರುಬೆರಳನ್ನು ಮುಷ್ಟಿಯಲ್ಲಿ ಹಿಡಿದುಬಿಟ್ಟೆ.

"ಅಜ್ಜಾರ, ಬಿಡ್ರಿ! ಸರ್ ಕೈ ಅದು, ಬಿಡ್ರಿ!" ಎಂದು ಸಿಸ್ಟರ್ ನನ್ನ ಬೆರಳು ಬಿಡಿಸಲು ಬಂದಳು.

"ಇರ್ಲಿ," ಅಂದರು ಅವರು. "ಅವ್ರ ತಾವ ಬಿಡೂತನಕ ಇರ್ಲಿ."

ಟ್ರಾಲಿಯ ಪಕ್ಕದಲ್ಲಿ ಬಗ್ಗಿಕೊಂಡೇ ನಡೆಯುತ್ತ ಒಳಗೆ ಬಂದರು. ಯಾವಾಗ ಬಿಟ್ಟೆನೋ, ನನಗೆ ಗೊತ್ತಿಲ್ಲ.